ಪ್ಯಾಸೆಂಜರ್ ಗಾಡಿಯ ಇಂಗ್ಲಿಷ್

ನಾನು ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು. ಹೆಚ್ಚಿನ ವರ್ಷ ಬಬಲೇಶ್ವರದಲ್ಲೇ ಕಳೆದವು. ಹೊತ್ತು ತಪ್ಪಿ ಕೊಟ್ಟ ಗುಳಿಗೆ ಕೊಡದಿದ್ದಂತೆಯೇ ಲೆಕ್ಕ ಎಂದು ನಮಗೆ ಕಲಿಸಿದ್ದರು. ನಿವೃತ್ತಿಯಾಗಿ ವಿಜಯಪುರದಲ್ಲಿ ಮನೆ ಮಾಡಿದ ಮೇಲೂ ಆ ಪಾಠ ನನ್ನನ್ನು ಬಿಡಲಿಲ್ಲ. ನಸುಕಿನಲ್ಲಿ ಅಂಗಳ, ಆಮೇಲೆ ಸ್ನಾನ, ಆಮೇಲೆ ರೊಟ್ಟಿ. ಇದರಲ್ಲಿ ಹಿಂದೆ ಮುಂದೆ ಆಗುವಂತಿಲ್ಲ.

ಈ ಪದ್ಧತಿಯೊಳಗೆ ಹೋದ ಜೂನಿನಲ್ಲಿ ನನ್ನ ಮಗಳ ಮಗಳು ಬಂದು ಸಿಕ್ಕಿಕೊಂಡಳು. ಕಳ್ಳಕವಟಗಿಯ ಕನ್ನಡ ಸಾಲೆಯಲ್ಲಿ ಎಂಟನೆಯ ಇಯತ್ತೆ ಮುಗಿಸಿದ್ದಳು. ಅಲ್ಲಿ ಅವಳದೇ ಮೊದಲ ನಂಬರು. ಅಳಿಯನಿಗೆ ದ್ರಾಕ್ಷಿ ತೋಟ, ಪುರುಸೊತ್ತಿಲ್ಲ. ಬಂದವನೇ ಟ್ರಂಕು ಇಳಿಸಿ, "ಅತ್ತಿ, ಹುಡುಗಿ ಶಾಣ್ಯಾ ಐತ್ರಿ. ಇಂಗ್ಲಿಷ್ ಸಾಲಿಗಿ ಹಾಕೇನಿ. ಇನ್ನ ನೀವುಂಟು, ನಿಮ್ಮ ಮೊಮ್ಮಗಳುಂಟು" ಎಂದು ಚಹಾ ಕುಡಿದು ಹೋದ.

ಹೊಸ ಸಾಲೆಯವರು ಒಂದು ಕರಾರು ಹಾಕಿದ್ದರು. ದಸರೆಗೆ ಮುಂಚೆ ಇಂಗ್ಲಿಷ್ ಸಾಹಿತ್ಯದ ಬಾಯಿಮಾತಿನ ಪರೀಕ್ಷೆ. ಅದರಲ್ಲಿ ಪಾಸಾದರೆ ಒಂಬತ್ತರಲ್ಲಿ ಮುಂದುವರಿಯಬಹುದು, ಇಲ್ಲವಾದರೆ ಮತ್ತೆ ಎಂಟಕ್ಕೆ. ಊರಿನ ಸಾಲೆಯಲ್ಲಿ ಅವಳ ಹೆಸರು ಕಡಿಸಿಯಾಗಿತ್ತು. ಹಿಂದಕ್ಕೆ ಹೋಗುವ ಬಾಗಿಲು ಹಾಕಿತ್ತು, ಮುಂದಿನದಕ್ಕೆ ಕೀಲಿ ಬಿದ್ದಿತ್ತು.

ಆ ಕೀಲಿ ಅಂದರೆ ಶಬ್ದಗಳು. ಸಾಹಿತ್ಯದ ಟೀಚರ್ ವಾರಕ್ಕೊಂದು ಸಲ ಹಾಳೆ ಕೊಡುತ್ತಿದ್ದರು. ಪಾಠದಲ್ಲಿ ಬರುವ ಕಠಿಣ ಶಬ್ದ, ಎದುರಿಗೆ ಅರ್ಥ. ನಾನು ಹಾಳೆ ನೋಡಿದೆ. ನನ್ನ ಇಂಗ್ಲಿಷ್ ಔಷಧಿಯದು, ರೋಗದ್ದು. ಬಿನೈನ್ ಎಂಬುದೊಂದು ಗುರುತಿನ ಮುಖ ಕಂಡಿತು.

"ಇದು ನನಗ ಗೊತ್ತೈತಿ. ಮೈಯಾಗಿನ ಅಂಜಬೇಕಿಲ್ಲದಂಥ ಗಡ್ಡಿ" ಎಂದೆ.

"ಆಯಿ, ಇಲ್ಲಿ ಅದು ಒಬ್ಬ ರಾಜಾಗ ಅಂದದ್ದೈತಿ. ಸೌಮ್ಯ ಮನಿಷಾ ಅಂತ."

"ಆಗಲಿ ಬಿಡು. ಅಂವಗೂ ಅಂಜೂದು ಬ್ಯಾಡ."

ಕಲಿಸುವ ರೀತಿ ನನಗೆ ಒಂದೇ ಗೊತ್ತು. ತಿಕೋಟಾದ ಸಾಲೆಯಲ್ಲಿ ನಾವು ಮಗ್ಗಿ ಕಲಿತದ್ದು ರಾಗ ಹಾಕಿ. ಸಂಜೆ ಕೈಕಾಲು ತೊಳೆದು, ದೀಪ ಹಚ್ಚಿ, ಸಾಲಾಗಿ ಕುಳಿತು ಒಂದರ ಮಗ್ಗಿಯಿಂದ ಹಿಡಿದು ಒದರುವುದು. ತಪ್ಪಿದರೆ ಮತ್ತೆ ಮೊದಲಿನಿಂದ. ನರ್ಸಿಂಗ್ ಕಲಿಯುವಾಗ ಮೈಯ ಎಲುಬುಗಳನ್ನೂ ಅದೇ ರಾಗದಲ್ಲಿ ಕಲಿತೆ, ತಲೆಯಿಂದ ಕಾಲಿನ ಬೆರಳವರೆಗೆ. ಇವತ್ತು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಹಾಗೆಯೇ ಮೊಮ್ಮಗಳನ್ನು ದೇವರ ಮುಂದೆ ಕೂರಿಸಿದೆ. "ಅಬೇಟ್ ಅಂದ್ರ ಇಳಿಯೂದು, ಬಿನೈನ್ ಅಂದ್ರ ಸೌಮ್ಯ, ಕ್ಯಾಂಡಿಡ್ ಅಂದ್ರ ಮುಚ್ಚುಮರಿ ಇಲ್ಲದ್ದು, ಡಿಸ್ಡೇನ್ ಅಂದ್ರ ತಾತ್ಸಾರ..." ರಾಗ ಚೆನ್ನಾಗಿ ಕೂತಿತು. ಹೊಸ ಹಾಳೆ ಬಂದಂತೆ ಹಳೆಯದರ ಬಾಲಕ್ಕೆ ಕಟ್ಟಿದೆವು, ಬಾಲದ ತುದಿಗೆ "ರಿಲೆಂಟ್‌ಲೆಸ್ ಅಂದ್ರ ಹಿಡದ ಪಟ್ಟು ಬಿಡದ್ದು" ಬಂತು. ವಾರದ ಬರವಣಿಗೆ ಪರೀಕ್ಷೆಯಲ್ಲಿ ಟೀಚರ್ ಹಾಳೆಯ ಕ್ರಮದಲ್ಲೇ ಕೇಳುತ್ತಿದ್ದರು, ಹುಡುಗಿ ಒಂದೂ ತಪ್ಪದೆ ಬರೆದು ಬರುತ್ತಿದ್ದಳು. ನಾನು ಅಳಿಯನಿಗೆ ಫೋನಿನಲ್ಲಿ ಹೇಳಿದೆ, "ಚಿಂತಿ ಬಿಡಪಾ. ಆತು ಅಂತ ತಿಳಕೊ."

ಆಗಿರಲಿಲ್ಲ. ಆಗಸ್ಟಿನಲ್ಲಿ ಟೀಚರ್ ನನ್ನನ್ನು ಸಾಲೆಗೆ ಕರೆಸಿದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. "ನೋಡ್ರಿ ಅಮ್ಮಾರ" ಎಂದು ವರ್ಗದಲ್ಲಿ ಎಲ್ಲರ ನಡುವೆ, ನನ್ನೆದುರಿಗೇ ಹುಡುಗಿಯನ್ನು ನಿಲ್ಲಿಸಿ, ಪುಸ್ತಕ ತೆರೆದು, ಒಂದು ಸಾಲು ಓದಿ, ಅದರೊಳಗಿನ ಒಂದೇ ಶಬ್ದದ ಅರ್ಥ ಕೇಳಿದರು. ಇಂಪೀರಿಯಸ್.

ದರ್ಪದಿಂದ ಎಲ್ಲರಿಗೂ ಅಪ್ಪಣೆ ಮಾಡುವ ಸ್ವಭಾವ ಎಂದು ಅದರ ಅರ್ಥ ನಮ್ಮ ರಾಗದ ನಡುವೆ ಎಲ್ಲೋ ಇತ್ತು. ಹುಡುಗಿಯ ತುಟಿ ಅಲುಗತೊಡಗಿದವು. ಅಬೇಟ್‌ನಿಂದ ಹೊರಟಿದ್ದಾಳೆ ಎಂದು ನನಗೆ ಮಾತ್ರ ಗೊತ್ತಾಯಿತು. ಒಂದೊಂದನ್ನೇ ದಾಟಿಕೊಂಡು ಬರಬೇಕು. ಹಿಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿದರು: "ಪ್ಯಾಸೆಂಜರ್ ಗಾಡಿ ಬಿಟ್ಟಿತು ನೋಡ್ಲೇ. ಎಲ್ಲಾ ಸ್ಟೇಷನ್ನಿಗೂ ನಿಲ್ತೈತಿ." ವರ್ಗವೆಲ್ಲ ಕಿಸಕ್ಕನೆ ನಕ್ಕಿತು. ಹುಡುಗಿಗೆ ದಾರಿ ತಪ್ಪಿತು. ದಾರಿ ತಪ್ಪಿದರೆ ಮತ್ತೆ ಮೊದಲಿನಿಂದ. ನಾನೇ ಕಲಿಸಿದ ನಿಯಮ, ಅವಳು ಅದನ್ನೂ ಪಾಲಿಸಿದಳು.

"ಪರೀಕ್ಷಾದಾಗ ಹಿಂಗ ಕೇಳ್ತೀವ್ರಿ, ಎಲ್ಲಿಂದರ ತಗದು" ಎಂದರು ಟೀಚರ್. "ಹಿಂಗ ನಿಂತ್ರ ಹೆಂಗ್ರಿ?"

ಮನೆಗೆ ಬಂದು ದುರಸ್ತಿಗೆ ತೊಡಗಿದೆ. ಕೊನೆಯಿಂದ ಹಿಂದಕ್ಕೆ ಹೇಳಿಸಿದೆ, ಎರಡೇ ದಿನದಲ್ಲಿ ಹಿಂದಕ್ಕೂ ರಾಗ ಬಂತು. ಶಬ್ದಗಳನ್ನು ಚೀಟಿಯಲ್ಲಿ ಬರೆದು, ಮೊರದಲ್ಲಿ ಹಾಕಿ ಕೇರಿ, ಕೈಗೆ ಬಂದದ್ದನ್ನು ಕೇಳಿದೆ. ಚೀಟಿ ಯಾವುದೇ ಬರಲಿ, ಹುಡುಗಿಯ ತುಟಿ ಮೊದಲು ಅಬೇಟ್‌ಗೆ ಹೋಗಿಯೇ ತಿರುಗುತ್ತಿತ್ತು. ಎಲುಬುಗಳ ಮಾತು ಬೇರೆ. ಒಂದಕ್ಕೊಂದು ಕೂಡಿಯೇ ಇರುತ್ತವೆ, ಸಾಲಿನಲ್ಲಿ ಹೇಳಿದರೆ ಸರಿ. ಈ ಶಬ್ದಗಳಿಗೆ ಒಂದರ ಪಕ್ಕ ಒಂದು ನಿಲ್ಲುವ ಕಾರಣವೇ ಇರಲಿಲ್ಲ. ನಾನು ಹಗ್ಗ ಹಾಕಿ ಬಿಗಿದಿದ್ದೆ, ಗಂಟು ಈಗ ನನ್ನ ಉಗುರಿಗೂ ಬಿಚ್ಚುತ್ತಿರಲಿಲ್ಲ.

ನನಗೂ ಅದೇ ಕಾಟ ಶುರುವಾಯಿತು. ರೊಟ್ಟಿ ಬಡಿಯುವಾಗ ಕೈಯ ತಾಳಕ್ಕೆ ಅಬೇಟ್, ಬಿನೈನ್ ಓಡುತ್ತಿದ್ದವು. ಬೇಡವೆಂದರೂ ನಿಲ್ಲುತ್ತಿರಲಿಲ್ಲ.

ಹುಡುಗಿ ಮಾತು ಕಡಿಮೆ ಮಾಡಿದಳು. ಒಂದು ಸಂಜೆ ದೀಪ ಹಚ್ಚಿ ಕರೆದರೆ ಕದಲಲಿಲ್ಲ.

"ಬಾರಬೇ, ಹೊತ್ತಾತು."

"ಆಯಿ, ಗಾಣದ ಎತ್ತಿಗಿ ಕಣ್ಣಿಗಿ ಅರಬಿ ಕಟ್ತಾರಂತ, ಖರೇನ?"

"ಹೂಂ. ಇಲ್ಲಂದ್ರ ತಲಿ ತಿರಗತೈತಿ ಅದಕ."

"ನನಗೂ ಒಂದ ಅರಬಿ ಕಟ್ಟು."

ಹೊತ್ತಾಗಿತ್ತು, ಕೂರಿಸಿದೆ. ಬೇರೆ ಏನು ಮಾಡಬೇಕೆಂದು ತಿಳಿಯದಾಗ ಮನುಷ್ಯ ಹಿಡಿದದ್ದನ್ನೇ ಬಿಗಿಯಾಗಿ ಹಿಡಿಯುತ್ತಾನೆ. ಇಬ್ಬರೂ ಕಣ್ಣು ತಗ್ಗಿಸಿ ಒದರಿದೆವು.

ಪರೀಕ್ಷೆಗೆ ಇನ್ನು ಸ್ವಲ್ಪ ದಿನ ಇದ್ದಾಗ ಬಬಲೇಶ್ವರದಲ್ಲಿ ನನ್ನ ಹಳೆಯ ಜೊತೆಗಾತಿಯ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ. ಹುಡುಗಿಯನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ತಿರುಗಿ ಬರುವಾಗ ಸಂಜೆಯ ಹೊತ್ತು, ನಿಲ್ಲಲೂ ಜಾಗವಿಲ್ಲ. ಹೇಗೋ ಒಂದು ಸೀಟಿನಲ್ಲಿ ಇಬ್ಬರೂ ಒತ್ತಿ ಕುಳಿತೆವು. ಮೇವಿನ ಟ್ರ್ಯಾಕ್ಟರ್ ಒಂದು ದಾರಿಗಡ್ಡ ಸಿಕ್ಕು, ಸಾರವಾಡದ ಹತ್ತಿರ ಬಸ್ಸು ನಿಂತೇ ಬಿಟ್ಟಿತು. ದೀಪ ಹಚ್ಚುವ ಹೊತ್ತು. ನಾನು ಮೊಣಕೈಯಿಂದ ತಿವಿದೆ. "ಸುರು ಮಾಡು."

"ಇಲ್ಲೇನ?"

"ಬಾಯಿ ಇಲ್ಲೇ ಐತಲ್ಲ?"

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ಜಗಳ ಹತ್ತಿತು. ಹಸಿರು ಇಳಕಲ್ ಸೀರೆಯ ಹೆಣ್ಣುಮಗಳೊಬ್ಬಳು ತನ್ನ ಪಕ್ಕದ ಸೀಟಿನಲ್ಲಿ ಬುಟ್ಟಿ ಇಟ್ಟಿದ್ದಳು. ಕಂಡಕ್ಟರ್ ತೆಗೆಯಲು ಹೇಳಿದ.

"ಬುಟ್ಟ್ಯಾಗ ಕೋಳಿ ಅದಾವೋ ತಮ್ಮಾ. ಅವು ನಿಂತ ಬರ್ತಾವೇನು?"

"ಯವ್ವಾ, ಮಂದಿ ನಿಂತಾರ ನೋಡಬೇ!"

"ನಿಂದರಲಿ. ಕಾಲ ಅದಾವ ಅವರಿಗಿ. ನೀ ಸರದ ಮಾತಾಡು, ನನ್ನ ಸೀರಿ ತುಳದಿ. ಏ ಡ್ರಾಯವರಾ, ಗಾಡಿ ಬಿಡು, ಯಾರ ಮಾರಿ ನೋಡ್ತಿ?"

ಡ್ರೈವರ್ ದಾರಿಯಿಲ್ಲದಿದ್ದರೂ ಹಾರ್ನ್ ಹೊಡೆದ. ಕಂಡಕ್ಟರ್ ತಾನೇ ಸರಿದು ನಿಂತ. ಆಗ ನನ್ನ ಕಿವಿಯಲ್ಲಿ ಮೊಮ್ಮಗಳ ಉಸಿರು ತಾಗಿತು.

"ಆಯಿ. ಇಂಪೀರಿಯಸ್."

ತುಟಿ ಅಲುಗಿರಲಿಲ್ಲ. ಗಾಡಿ ಯಾವ ಸ್ಟೇಷನ್ನಿಗೂ ನಿಂತಿರಲಿಲ್ಲ. ಆದರೆ ನನ್ನ ಬಾಯಿ ರೂಢಿಯಂತೆ ಕೇಳಿತು, "ಅದರ ಹಿಂದಿಂದ ಯಾವುದು?"

"ಹಿಂದಿಂದು ಈ ಬಸ್ಸ ಹತ್ತಿಲ್ಲ ಆಯಿ."

ವಿಜಯಪುರ ಮುಟ್ಟುವವರೆಗೆ ಅವಳು ಕಂಡವರಿಗೆಲ್ಲ ಒಂದೊಂದು ಶಬ್ದ ಹಂಚಿದಳು. ಕಂಡಕ್ಟರ್ ಬಿನೈನ್. ಬುಟ್ಟಿಯಿಂದ ಕತ್ತು ಹೊರಹಾಕಿ ನಮ್ಮನ್ನು ನೋಡಿ ಒಳಗೆಳೆದುಕೊಂಡ ಕೋಳಿ ಡಿಸ್ಡೇನ್. ಮನೆಗೆ ಬಂದ ಮೇಲೆ ಊರಿನವರಿಗೆ ಹಂಚಿಕೆ ಶುರುವಾಯಿತು. ಹರಿದ ಚಪ್ಪಲಿಗೆ ಮತ್ತೆ ಮತ್ತೆ ಹೊಲಿಗೆ ಹಾಕಿಸುವ ಅವಳ ಅಪ್ಪ ಫ್ರೂಗಲ್, ಬೀಗರ ಮುಂದೆಯೇ ಸಾರು ಕೆಟ್ಟಿದೆ ಎಂದ ಅಪ್ಪನ ಕಡೆಯ ಅಜ್ಜ ಕ್ಯಾಂಡಿಡ್. ಸಂಜೆ ನಾನು ದೀಪ ಹಚ್ಚಿ ಕೂತರೆ ಅವಳು ಬಂದು ಕೂರುತ್ತಿದ್ದಳು, ಆದರೆ ಒದರುತ್ತಿರಲಿಲ್ಲ. ನಾನೊಬ್ಬಳೇ ಮೆಲ್ಲಗೆ ರಾಗ ಎಳೆದು ಮುಗಿಸುತ್ತಿದ್ದೆ.

ಪರೀಕ್ಷೆಯ ದಿನ ಟೀಚರ್ ನನ್ನನ್ನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಎಷ್ಟೋ ಆಪರೇಷನ್ನುಗಳ ಹೊರಗೆ ಜನ ಹೀಗೆ ಕೂತದ್ದನ್ನು ನೋಡಿದ್ದೇನೆ, ಅವರಿಗೆ ಸುಮ್ಮನಿರಲು ಹೇಳಿದ್ದೇನೆ. ಒಳಗಿನ ಮಾತು ಕೇಳುತ್ತಿತ್ತು. ಒಂದು ಶಬ್ದ, ಉತ್ತರ. ಇನ್ನೊಂದು, ಉತ್ತರ. ಮೂರನೆಯದಕ್ಕೆ ಹುಡುಗಿ ತಡವರಿಸಿದಳು. ನನ್ನ ತುಟಿ ತಾವೇ ಅಬೇಟ್‌ನಿಂದ ಹೊರಟವು. ಅವಳು, "ಗೊತ್ತಿಲ್ಲರಿ ಮಿಸ್" ಎಂದು ಕನ್ನಡದಲ್ಲೇ ಹೇಳಿ ನಾಲ್ಕನೆಯದಕ್ಕೆ ಸಿದ್ಧಳಾದಳು. ಗೊತ್ತಿಲ್ಲ ಎಂದು ಹೇಳಿ ಮುಂದೆ ಹೋಗುವುದು ನನ್ನ ಮಗ್ಗಿಯಲ್ಲಿ ಇರಲೇ ಇಲ್ಲ.

"ರಿಲೆಂಟ್‌ಲೆಸ್" ಎಂದರು ಟೀಚರ್. ಒಂದು ಉದಾಹರಣೆ ಕೇಳಿದರು.

ಹುಡುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಅದರಲ್ಲಿ ಆಯಿ ಎಂಬುದೊಂದು ನನಗೆ ತಿಳಿಯಿತು. ಟೀಚರ್ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಹೊರಗೆ ಬಂದು ಹೇಳಿದರು, "ಒಂಬತ್ತರಾಗ ಇರಲಿ ಬಿಡ್ರಿ ಅಮ್ಮಾರ."

ಮನೆಗೆ ಆಟೋದಲ್ಲಿ ಹೊರಟೆವು. ಹುಡುಗಿ ಅಪ್ಪನಿಗೆ ಫೋನು ಮಾಡಿ ಮುಗಿಸುವವರೆಗೆ ಕಾದು ಕೇಳಿದೆ, "ನನಗೇನಂದೆಬೇ ಅಲ್ಲಿ?"

"ನಿನಗ ಗೊತ್ತಿಲ್ಲೇನು? ನೀನ ಕಲಿಸೀದಿ. ರಿಲೆಂಟ್‌ಲೆಸ್ ಅಂದ್ರ ಏನು?"

ಅರ್ಥ ನಾಲಿಗೆಯ ಹಿಂದೆಯೇ ಇತ್ತು. ಕೈ ಚಾಚಿದೆ, ಸಿಗಲಿಲ್ಲ. ಹೋಗಲು ನನಗೆ ಒಂದೇ ದಾರಿ. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ, ಆಟೋದವನಿಗೆ ಕೇಳದಂತೆ ಸಣ್ಣಗೆ ಶುರು ಮಾಡಿದೆ. ಅಬೇಟ್ ಅಂದ್ರ ಇಳಿಯೂದು, ಬಿನೈನ್ ಅಂದ್ರ ಸೌಮ್ಯ...

"ಬರ್ಲಿ ಬರ್ಲಿ" ಎಂದು ಮೊಮ್ಮಗಳು ನನ್ನ ಹೆಗಲಿಗೆ ತಲೆ ಕೊಟ್ಟಳು. "ನಾ ಮುಂದಿನ ಸ್ಟೇಷನ್ನಿನಾಗ ಕುಂತಿರ್ತೇನಿ."