ಚಪ್ಪಲಿ ಬಿಟ್ಟು ಹೊರಡುವ ಮನೆ

ಲಾಕ್‌ಡೌನ್ ಸಡಿಲವಾದ ಮೇಲೆ ಹಾಸಿಗೆ, ಒಲೆ ಎಲ್ಲ ಇದ್ದ ವ್ಯಾನಿನಲ್ಲಿ ಮಗಳು, ಅಳಿಯ ಊರೂರು ಸುತ್ತುತ್ತ ಭಾಲ್ಕಿಯ ನಮ್ಮ ಮನೆಗೆ ಬಂದರು. ನಾನಿನ್ನೂ ಕಾಣದ ಮೊಮ್ಮಗ ಒಳಗಿದ್ದ. ಹತ್ತಲು ಓಡಿದರೆ ಡ್ರೈವರ್ ಚಾಚಾ ಕೈ ಅಡ್ಡ ಹಿಡಿದರು.

“ಚಪ್ಪಲ್ ಹೊರಗ ಬಿಡ್ರಿ ಅಮ್ಮಾ. ಇದು ಗಾಡಿ ಅಲ್ಲ, ಮನಿ.”

ಅವರೇ ಬರಿಗಾಲಲ್ಲಿದ್ದರು. “ನಿಮ್ಮ ಚಪ್ಪಲ್ ಎಲ್ಲಿ ಚಾಚಾ?”

“ಔರಾದದಾಗ ಬಾಗಲ ಮುಂದ ಬಿಟ್ಟಿದ್ದೆ. ಮನಿ ಹೊಂಟುಬಂತ್ರಿ!”

ನಗುತ್ತ ನನ್ನವನ್ನೂ ಕೆಳಗೆ ಬಿಟ್ಟು ಹತ್ತಿದೆ. ಹೊಸ ಮುಖ ಕಂಡು ಮೊಮ್ಮಗ ಚೀರಿ ಅತ್ತ. ವ್ಯಾನು ಹೊರಟು ಬೀದರ ಮುಟ್ಟುವವರೆಗೂ ನನ್ನ ಕೈಗೆ ಬರಲೇ ಇಲ್ಲ. ಕೋಟೆಯ ಮುಂದೆ ಇಳಿಯುವಾಗ ಚಪ್ಪಲಿ ಹುಡುಕಿದೆ. ಅವು ಭಾಲ್ಕಿಯಲ್ಲೇ ಉಳಿದಿದ್ದವು.

“ಮನಿ ಹೊಂಟುಬಂತೇನ್ರಿ ಅಮ್ಮಾ? ಹಿಂಗ ಕುಣಕೋತ ನಡೀರಿ,” ಎಂದು ಚಾಚಾ ಕಾದ ಕಲ್ಲಿನ ಮೇಲೆ ಜಿಗಿದು ತೋರಿಸಿದರು.

ನಾನೂ ಜಿಗಿದೆ. ಮೊಮ್ಮಗ ಕೇಕೆ ಹಾಕಿ ನಕ್ಕು, ನನ್ನತ್ತ ಎರಡೂ ಕೈ ಚಾಚಿದ.