ಬಾಗಿಲಿನ ಸದ್ದು

ಅಮೆರಿಕದ ಟೆಕ್ಸಸ್‌ನ ಯೂಲೆಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಂಕಲ್, ತಮ್ಮ ಕಾರಿನ ಬಾಗಿಲು ಹಾಕಿದ ಮೇಲೆ ಒಂದು ಕ್ಷಣ ಕತ್ತು ವಾಲಿಸಿ ನಿಲ್ಲುತ್ತಿದ್ದರು. ಜರ್ಮನ್ ಡೀಸೆಲ್ ಕಾರು ಅದು. ಬಾಗಿಲು ಕೂರುವ ಆ ಗಟ್ಟಿ ಸದ್ದನ್ನು ವರ್ಷಗಟ್ಟಲೆ ಕೇಳಿಯೂ ಅವರಿಗೆ ಸಾಕಾಗಿರಲಿಲ್ಲ. "ಜರ್ಮನ್ ಮಂದಿ ಸುಳ್ಳು ಹೇಳಂಗಿಲ್ರಿ," ಎನ್ನುವರು. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲೂ ಅದೇ ಮಾತು, ಆಯಿಲ್ ಬದಲಿಸುವಾಗಲೂ ಅದೇ ಮಾತು. ಅದನ್ನು ನಂಬಿಯೇ ನಾನೂ ಅಂಥದೇ ಕಾರು ಕೊಂಡೆ.

ಆಯುಧಪೂಜೆಯ ದಿನ ಎರಡೂ ಕಾರುಗಳಿಗೆ ಅವರೇ ಪೂಜೆ ಮಾಡುತ್ತಿದ್ದರು. ಮೂತಿಯ ಮೇಲಿನ ಲಾಂಛನಕ್ಕೆ ಮೊದಲು ಕುಂಕುಮ, ಆಮೇಲೆ ಗಾಲಿಗಳಿಗೆ ನಿಂಬೆಹಣ್ಣು.

ಎರಡು ಸಾವಿರದ ಹದಿನೈದರಲ್ಲಿ, ಹಬ್ಬಕ್ಕೆ ತಿಂಗಳಿದ್ದಾಗ ಸುದ್ದಿ ಬಂತು. ಸರ್ಕಾರದ ಮಾಲಿನ್ಯ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಶುದ್ಧವಾಗಿರುವಂತೆ ತೋರಿಸುವ ಸಾಫ್ಟ್‌ವೇರನ್ನು ಕಂಪನಿಯೇ ನಮ್ಮಂಥ ಡೀಸೆಲ್ ಕಾರುಗಳಲ್ಲಿ ಅಡಗಿಸಿತ್ತು. ಹಬ್ಬದ ಬೆಳಿಗ್ಗೆ ಅಂಕಲ್ ಪೂಜೆಯ ತಟ್ಟೆ ಹಿಡಿದು, ತಮ್ಮ ಕಾರು ಬಿಟ್ಟು ಮೊದಲು ನನ್ನ ಕಾರಿನ ಹತ್ತಿರ ಬಂದರು. ಲಾಂಛನದ ಮುಂದೆ ಅವರ ಬೆರಳು ತಡೆಯಿತು. ಕುಂಕುಮವನ್ನು ಸ್ಟೀರಿಂಗ್‌ಗೆ ಹಚ್ಚಿದರು.

"ಅಂಕಲ್, ಇದನ್ನ ಮಾರಿಬಿಡೋದಾ?" ಎಂದೆ.

"ಕಾರೇನ್ ಮಾಡೀತ್ರಿ? ಅದಕ್ಕ ಕಲಿಸಿದ್ದನ್ನ ಅದು ಹೇಳ್ತು," ಎಂದರು. ಬೆರಳಿನ ಕುಂಕುಮ ಒರೆಸಿಕೊಳ್ಳುತ್ತ, "ನನಗ ಯಾರೂ ಕಲಿಸಿರಲಿಲ್ಲ. ಜರ್ಮನ್ ಮಂದಿ ಸುಳ್ಳು ಹೇಳಂಗಿಲ್ಲಂತ ನಾನಾಗೇ ಹೇಳ್ಕೋತ ಬಂದೆ ನೋಡ್ರಿ," ಎಂದರು.

ನಾನು ಬಾಗಿಲು ಹಾಕಿದೆ. ಸದ್ದು ಹಿಂದಿನಷ್ಟೇ ಗಟ್ಟಿಯಾಗಿತ್ತು. ಅಂಕಲ್ ಆಗಲೇ ನಿಂಬೆಹಣ್ಣು ಇಡಲು ಬಗ್ಗಿದ್ದರು.