ಎರಡು ಎಡತೋಳಿನ ಅಂಗಿ

ನಲವತ್ತೆರಡು ವರ್ಷ ಕತ್ತರಿ ಹಿಡಿದ ಟೈಲರ್ ಮಾಸ್ಟರು ಒಂದು ದಿನ ಅಂಗಿಗೆ ಎರಡೂ ಎಡತೋಳನ್ನೇ ಹೊಲಿದಿಟ್ಟರು. ಬಟ್ಟೆಯನ್ನು ಮಡಿಸಿ ಜೋಡಿಯಾಗಿ ಕತ್ತರಿಸಿದರೆ ಒಂದು ಎಡ, ಒಂದು ಬಲ ತಾನಾಗಿಯೇ ಬರುತ್ತದೆ. ಬಿಡಿಬಿಡಿಯಾಗಿ ಕತ್ತರಿಸುವಾಗ ತಿರುಗಿಸಲು ಮರೆತರೆ ಈ ಎಡವಟ್ಟು. ಹೊಸದಾಗಿ ಕಲಿಯುವವರು ಮೊದಲ ವಾರ ಮಾಡಿ ಬೈಸಿಕೊಳ್ಳುವ ತಪ್ಪು ಅದು. ಮಾಸ್ಟರು ಒಂದೇ ತಿಂಗಳಲ್ಲಿ ಐದು ಅಂಗಿ ಹೀಗೆ ಕೆಡಿಸಿದರು. ಆರನೆಯದಕ್ಕೆ ಕೈಹಾಕುವ ಮೊದಲೇ ಮಗಳು ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಅಂಗಡಿಯಲ್ಲಿ ಅಪ್ಪನ ಪಕ್ಕದ ಮಿಷನ್ನಿನಲ್ಲೇ ಕೂರುವವಳು ಅವಳು. ಅಪ್ಪ ಖಾಲಿ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುವುದನ್ನು ಕಂಡಾಗಲೆಲ್ಲ ಅವಳ ಕಣ್ಣು ಬೀರುವಿನ ಬೀಗದತ್ತ ಹೋಗುತ್ತಿತ್ತು. ಈ ಕೈಗೆ ಕತ್ತರಿ ಮತ್ತೆ ಕೊಡುವ ದಿನ ಬರುತ್ತದೆಯೇ ಎಂಬುದೊಂದೇ ಅವಳಿಗೆ ಬೇಕಿದ್ದ ಉತ್ತರ.

"ವಯಸ್ಸಾಯ್ತಲ್ಲ, ಇನ್ನೇನು" ಎಂದು ಬೀದಿಯವರೆಲ್ಲ ತೀರ್ಪು ಕೊಟ್ಟಾಗಿತ್ತು. ಅವರಿಗೇನು, ಬಾಯಿಗೆ ಬಂದದ್ದು ಹೇಳಿ ಮನೆಗೆ ಹೋಗುತ್ತಾರೆ. ಮಗಳು ಅಪ್ಪನನ್ನು ಕರೆದೊಯ್ದ ಕ್ಲಿನಿಕ್ಕಿನ ಡಾಕ್ಟರಮ್ಮ ಮಾತ್ರ ರಕ್ತ ಪರೀಕ್ಷೆ ಮಾಡಿಸಿದರು.

"ಮರೆವು ಅಂದ್ರೆ ಎಲ್ಲಾ ಒಂದೇ ಅಲ್ಲಮ್ಮ. ಇವರಿಗೆ ಬಿ12 ವಿಟಮಿನ್ ತಳ ಮುಟ್ಟಿದೆ. ಇಂಜೆಕ್ಷನ್ ಕೊಟ್ಟು ನೋಡೋಣ. ಎಷ್ಟು ವಾಪಸ್ ಬರುತ್ತೆ ಅಂತ ನಾನೂ ಹೇಳೋಕಾಗಲ್ಲ."

"ವಾಪಸ್ ಬರೋದಾದ್ರೆ, ಇಷ್ಟು ದಿನ ಎಲ್ಲಿಗೆ ಹೋಗಿರುತ್ತೆ ಡಾಕ್ಟ್ರೇ?" ಮಾಸ್ಟರು ಕೇಳಿದರು. ಡಾಕ್ಟರಮ್ಮ ನಕ್ಕು ಇಂಜೆಕ್ಷನ್ನಿನ ಚೀಟಿ ಬರೆದರು.

ಇಂಜೆಕ್ಷನ್ ಶುರುವಾದ ಐದನೆಯ ವಾರ ಮಾಸ್ಟರು ಎದುರಿನ ಔಷಧಿ ಅಂಗಡಿಯವನ ಸೊಂಟದ ಅಳತೆಯನ್ನು ಪುಸ್ತಕ ನೋಡದೆ ಹೇಳಿದರು. "ಎರಡಿಂಚು ಜಾಸ್ತಿ ಇಡು, ಈಗ ಹೊಟ್ಟೆ ಬಂದಿದೆ" ಎಂದೂ ಸೇರಿಸಿದರು. ಮಗಳು ಅತ್ತಳೋ ನಕ್ಕಳೋ, ಅವಳಿಗೇ ತಿಳಿಯಲಿಲ್ಲ. ಮೂರು ತಿಂಗಳಾದ ಮೇಲೆ ಬೀಗ ತೆಗೆದಳು. ಮಾಸ್ಟರು ಬಟ್ಟೆ ಮಡಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದರು. ಒಂದು ಎಡ, ಒಂದು ಬಲ. ನಿನ್ನೆ ಮೊನ್ನೆಯ ನೆನಪು ಇನ್ನೂ ಆಗಾಗ ಕೈಕೊಡುತ್ತಿತ್ತು, ಆದರೆ ಕೈಗೆ ಕೆಲಸ ಮರಳಿತ್ತು.

ಅಂದೇ ಅವರು ಹಟ ಹಿಡಿದರು. "ಆ ಹಾಳಾದ ಅಂಗಿಗಳನ್ನ ತೋರಿಸು."

"ಬಿಸಾಕಿದೆ ಅಪ್ಪಾ."

"ಬಟ್ಟೆ ಬಿಸಾಕೋ ಜಾತಿ ಅಲ್ಲ ನೀನು. ತಾ."

ಕಿಟಕಿಯ ಬಳಿ ಐದನ್ನೂ ಹರಡಿ, ಕನ್ನಡಕ ಏರಿಸಿ, ಇನ್ಯಾರದೋ ಕೆಲಸ ನೋಡುವವರ ಹಾಗೆ ಒಂದೊಂದನ್ನೇ ಒಳಹೊರಗೆ ಮಾಡಿ ನೋಡಿದರು. "ಕಟಿಂಗು ಶುದ್ಧ ದಂಡ. ಆದ್ರೆ ಹೊಲಿಗೆ ನೋಡು, ಎಲ್ಲೂ ಒಂಚೂರು ಸೊಟ್ಟ ಇಲ್ಲ. ಭೇಷ್! ಯಾರಪ್ಪ ಇವನು?"

ಮಗಳು ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಪೂರ್ತಿ ವಾಸಿ ಅಂತ ಡಾಕ್ಟರಮ್ಮ ಹೇಳಿಲ್ಲ, ಅಲ್ವಾ?"

"ಹೇಳಿಲ್ಲಪ್ಪ."

ಮಾಸ್ಟರು ಅಂಗಿಗಳನ್ನು ಮಡಿಸಿ ಅವಳ ಕೈಗಿಟ್ಟರು. "ಇದನ್ನ ಹೊಲಿದವನು ಮತ್ತೆ ಬಂದ್ರೆ ಸುಮ್ಮನೆ ಕೂರಿಸಬೇಡ ಮಗಳೇ. ಕತ್ತರಿಸೋದು ನೀನು ಕತ್ತರಿಸು. ಹೊಲಿಯೋಕೆ ಅವನಿಗೆ ಕೊಡು."